ಪಕ್ಕದ ರೆಕ್ಕೆ ನೋಡಿ

ಹೊತ್ತು ಮುಳುಗುವ ಮುನ್ನ ಕೊಡಗಿನ ನಾಪೋಕ್ಲಿನ ಗದ್ದೆಬಯಲಿನ ಮೇಲೆ, ಕಾವೇರಿಯ ದಿಕ್ಕಿಗೆ ಬೆಳ್ಳಕ್ಕಿಗಳ ಸಾಲು ಹಾರುವುದನ್ನು ನೋಡಬೇಕು. ಸಾಲು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಒಂದು ಹಕ್ಕಿಯೂ ಇನ್ನೊಂದಕ್ಕೆ ತಾಗುವುದಿಲ್ಲ. ಮುಂದೆ ಹಾರುವುದೇ ಯಜಮಾನನಿರಬೇಕು ಎಂದು ನಮಗೆ ಅನ್ನಿಸುತ್ತದೆ. ಗುಂಪಿನ ಚಲನೆಯನ್ನು ಅರಿಯುವ ವಿಜ್ಞಾನ ಬೆಳೆದದ್ದು ಯಜಮಾನನ ಹುಡುಕಾಟವನ್ನು ಕೈಬಿಟ್ಟ ಮೇಲೆ. ‘ಯಾರು ನಡೆಸುತ್ತಾರೆ’ ಎಂಬ ಪ್ರಶ್ನೆಯ ಜಾಗಕ್ಕೆ ‘ಪ್ರತಿಯೊಂದು ಜೀವಿ ಎಷ್ಟು ಮಂದಿಯನ್ನು ನೋಡುತ್ತದೆ’ ಎಂಬ ಪ್ರಶ್ನೆ ಬಂತು. ಅದರ ಉತ್ತರ ಕಾಲಕಾಲಕ್ಕೆ ಚಿಕ್ಕದಾಗುತ್ತಾ ಬಂದದ್ದೇ ಈ ಕ್ಷೇತ್ರದ ಚರಿತ್ರೆ.

ಮನಸ್ಸು ಓದುವ ಹಕ್ಕಿಗಳು

ಬ್ರಿಟನ್ನಿನ ಪಕ್ಷಿವೀಕ್ಷಕ ಎಡ್ಮಂಡ್ ಸೆಲೂಸ್ ಹಕ್ಕಿಹಿಂಡುಗಳನ್ನು ದಶಕಗಳ ಕಾಲ ನೋಡಿದರು. ಅವರಿಗೆ ನಾಯಕನೂ ಸಿಗಲಿಲ್ಲ, ಸನ್ನೆಯೂ ಸಿಗಲಿಲ್ಲ. ಹಕ್ಕಿಗಳ ನಡುವೆ ಯೋಚನೆಯೇ ನೇರವಾಗಿ ಹರಿಯುತ್ತಿರಬೇಕೆಂದು 1931ರ ತಮ್ಮ ಪುಸ್ತಕದಲ್ಲಿ ಊಹಿಸಿದರು. ಊಹೆ ನಿಲ್ಲಲಿಲ್ಲ. ಆದರೆ ನಾಯಕನಿಲ್ಲದೆಯೂ ಹಿಂಡು ತಿರುಗುತ್ತದೆ ಎಂಬ ಅವರ ನೋಟ ಸರಿಯಾಗಿತ್ತು.

1984ರಲ್ಲಿ ವೇಯ್ನ್ ಪಾಟ್ಸ್ ಡನ್ಲಿನ್ ಎಂಬ ಕಡಲತೀರದ ಹಕ್ಕಿಗಳ ಹಾರಾಟವನ್ನು ಚಿತ್ರೀಕರಿಸಿ ಅಳೆದರು. ಬೆಚ್ಚಿಬಿದ್ದ ಒಂದು ಹಕ್ಕಿ ಪ್ರತಿಕ್ರಿಯಿಸಲು ಸುಮಾರು 38 ಮಿಲಿಸೆಕೆಂಡು ಬೇಕು. ಹಿಂಡಿನಲ್ಲಿ ತಿರುವು ಒಂದು ಹಕ್ಕಿಯಿಂದ ಪಕ್ಕದ್ದಕ್ಕೆ ದಾಟಲು ಸಾಕಾದದ್ದು ಸುಮಾರು 15. ಮಾಡಿನ ಮೇಲಕ್ಕೆ ಸಾಲಾಗಿ ನಿಂತು ಹೆಂಚು ದಾಟಿಸುವವರು ಪಕ್ಕದವರ ಕೈಗೆ ಹೆಂಚು ಬರುವವರೆಗೆ ಸುಮ್ಮನಿರುವುದಿಲ್ಲ. ದೂರದಲ್ಲಿ ಅದು ಬರುವುದನ್ನು ಕಂಡೇ ಕೈ ಚಾಚಿರುತ್ತಾರೆ. ಹಕ್ಕಿಗಳೂ ಹಾಗೆಯೇ, ಅಲೆ ಬರುವುದನ್ನು ಮೊದಲೇ ಕಂಡು ಸಿದ್ಧವಾಗಿರುತ್ತವೆ ಎಂದು ಪಾಟ್ಸ್ ವಿವರಿಸಿದರು. ಪವಾಡವೆನಿಸಿದ್ದು ಕಣ್ಣಿನ ಕೆಲಸವಾಯಿತು.

ಮೂರು ನಿಯಮ, ಒಂದು ನಿಯಮ

1987ರಲ್ಲಿ ಕ್ರೇಗ್ ರೆನಾಲ್ಡ್ಸ್ ಕಂಪ್ಯೂಟರಿನಲ್ಲಿ ಹಿಂಡನ್ನು ಹಾರಿಸಿದರು. ಡಿಕ್ಕಿ ಹೊಡೆಯಬೇಡ, ಪಕ್ಕದವರ ವೇಗ ಮತ್ತು ದಿಕ್ಕಿಗೆ ಹೊಂದಿಕೊ, ಗುಂಪಿನಿಂದ ದೂರ ಹೋಗಬೇಡ: ಈ ಮೂರು ನಿಯಮಗಳು ಸಾಕಾದವು. 1995ರಲ್ಲಿ ಹಂಗೇರಿಯ ತಮಾಶ್ ವಿಚೆಕ್ ಮತ್ತು ಸಂಗಡಿಗರು ಒಂದನ್ನೇ ಉಳಿಸಿಕೊಂಡರು: ಸುತ್ತಲಿನವರ ಸರಾಸರಿ ದಿಕ್ಕು ಹಿಡಿ, ಅದರಲ್ಲಿ ಚೂರು ತಪ್ಪು ಬೆರೆಯಲಿ. ಸಂಖ್ಯೆ ವಿರಳವಾಗಿದ್ದರೆ, ತಪ್ಪು ಹೆಚ್ಚಾದರೆ ಗೊಂದಲ. ಸಾಂದ್ರತೆ ಏರಿದರೆ ಇಡೀ ಗುಂಪು ಒಂದೇ ದಿಕ್ಕಿಗೆ. ನೀರು ಮಂಜುಗಡ್ಡೆಯಾಗುವಂಥ ಸ್ಥಿತ್ಯಂತರ ಅದು. ಅದೇ ವರ್ಷ ಜಾನ್ ಟೋನರ್ ಮತ್ತು ಯುಹಾಯ್ ತು ಇದರ ಸಿದ್ಧಾಂತ ಕಟ್ಟಿದರು. ನಿಂತಲ್ಲೇ ನಿಂತು ಪಕ್ಕದವುಗಳ ದಿಕ್ಕು ಹಿಡಿಯುವ ಸೂಜಿಗಳು ಒಂದು ಹಾಳೆಯ ಮೇಲೆ ಉಳಿಸಿಕೊಳ್ಳಲಾಗದ ಶಿಸ್ತನ್ನು ಚಲಿಸುವವು ಉಳಿಸಿಕೊಳ್ಳುತ್ತವೆ. ಯಾಕೆಂದರೆ ಚಲಿಸುವವರ ನೆರೆಹೊರೆ ಬದಲಾಗುತ್ತಲೇ ಇರುತ್ತದೆ, ಸುದ್ದಿ ದೂರ ಮುಟ್ಟುತ್ತದೆ.

ಲೆಕ್ಕವನ್ನು ಜೀವಿಗಳ ಮೇಲೆ ಪರೀಕ್ಷಿಸುವ ಕೆಲಸ ಅನಂತರದ್ದು. 2006ರಲ್ಲಿ ಮರಿ ಮಿಡತೆಗಳನ್ನು ಉಂಗುರದಂಥ ಅಂಕಣಕ್ಕೆ ಬಿಟ್ಟಾಗ, ಸಾಂದ್ರತೆ ಏರುತ್ತಿದ್ದಂತೆ ಅಡ್ಡಾದಿಡ್ಡಿ ಓಡಾಟ ಕವಾಯತಾಯಿತು. ರೋಮ್ ನಗರದ ಮೇಲೆ ಹಾರುವ ಸ್ಟಾರ್ಲಿಂಗ್ ಹಿಂಡುಗಳನ್ನು ಮೂರು ಆಯಾಮದಲ್ಲಿ ಅಳೆದ ತಂಡ 2008ರಲ್ಲಿ ಹೇಳಿದ್ದು ಇದು: ಪ್ರತಿ ಹಕ್ಕಿ ಲೆಕ್ಕಕ್ಕೆ ಹಿಡಿಯುವುದು ಆರೇಳು ನೆರೆಯವರನ್ನು ಮಾತ್ರ, ಅವು ಹತ್ತಿರವಿರಲಿ ದೂರವಿರಲಿ. ಆ ತಂಡದಲ್ಲಿದ್ದ ಜೋರ್ಜೊ ಪರೀಸಿ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು, ಅದು ಸಂಕೀರ್ಣ ವ್ಯವಸ್ಥೆಗಳ ಮೇಲಿನ ಅವರ ಒಟ್ಟು ಸಾಧನೆಗೆ.

ಬೆಂಗಳೂರಿನ ಕೊಡುಗೆ

ಈ ಚರಿತ್ರೆಯ ಮುಖ್ಯ ಪುಟಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬರೆಯಲ್ಪಟ್ಟವು. 2002ರಲ್ಲಿ ಅದಿತಿ ಸಿಂಹ ಮತ್ತು ಶ್ರೀರಾಮ್ ರಾಮಸ್ವಾಮಿ, ದ್ರವದಲ್ಲಿ ಈಜುವ ಸೂಕ್ಷ್ಮಜೀವಿಗಳು ಸಾಲು ಹಿಡಿದರೆ ಅವು ಎಬ್ಬಿಸುವ ಹರಿವೇ ಆ ಸಾಲನ್ನು ಕದಡುತ್ತದೆಂದು ತೋರಿಸಿದರು. 2014ರಲ್ಲಿ ರಾಮಸ್ವಾಮಿ, ಎ. ಕೆ. ಸೂದ್ ಮತ್ತು ಸಂಗಡಿಗರು ಅಲ್ಯೂಮಿನಿಯಂ ಮಣಿಗಳ ನಡುವೆ ಒಂದು ತುದಿ ಮೊನಚಾದ ಪುಟ್ಟ ಹಿತ್ತಾಳೆ ಕಡ್ಡಿಗಳನ್ನಿಟ್ಟು ತಟ್ಟೆಯನ್ನು ಅದುರಿಸಿದರು. ಕಡ್ಡಿಗಳು ಮಣಿಗಳನ್ನು ದೂಡಿದವು, ಹರಿದ ಮಣಿಗಳು ದೂರದ ಕಡ್ಡಿಗಳನ್ನು ತಿರುಗಿಸಿದವು. ಕಣ್ಣಿಲ್ಲದ, ಜೀವವಿಲ್ಲದ ಲೋಹವೂ ಹಿಂಡಾಯಿತು.

2020ರಲ್ಲಿ ಅಲ್ಲಿಯ ಪರಿಸರ ವಿಜ್ಞಾನ ಕೇಂದ್ರದ ವಿಶ್ವೇಶ ಗುತ್ತಲ್, ಜಿತೇಶ್ ಝಾವರ್ ಮತ್ತಿತರರ ಅಧ್ಯಯನ ಬಂತು. ಅವರು ಆರಿಸಿಕೊಂಡದ್ದು ನಮ್ಮ ಕರಾವಳಿಯ ಹಿನ್ನೀರಿನ ಕರಿಮೀನು. 15, 30, 60 ಮೀನುಗಳ ಗುಂಪುಗಳ ಚಲನೆಯ ಲೆಕ್ಕ ಹಾಕಿದಾಗ ಕಂಡದ್ದು: ಮೀನು ಸರಾಸರಿ ತೆಗೆಯುವುದಿಲ್ಲ, ಒಂದು ಹೊತ್ತಿಗೆ ಯಾವುದೋ ಒಂದೇ ಮೀನನ್ನು ಅನುಕರಿಸುತ್ತದೆ. ಹಾಗಿದ್ದರೆ ಶಿಸ್ತು ಎಲ್ಲಿಂದ? ಆಕಸ್ಮಿಕದಿಂದಲೇ. ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ನಾಲ್ಕೂ ರಾಜ ಬೀಳಬಹುದು, ನಾನೂರು ಸಲ ಚಿಮ್ಮಿದರೆ ರಾಜ ರಾಣಿ ಹೆಚ್ಚುಕಡಿಮೆ ಸಮ. ಚಿಕ್ಕ ಗುಂಪಿನಲ್ಲಿ ಆಕಸ್ಮಿಕವಾಗಿ ಒಂದು ದಿಕ್ಕು ಮೇಲುಗೈ ಪಡೆಯುತ್ತದೆ, ಅನುಕರಣೆ ಅದನ್ನು ಹಬ್ಬಿಸುತ್ತದೆ. ಶಿಸ್ತಿನ ಶತ್ರುವೆಂದು ತಿಳಿದಿದ್ದ ಆಕಸ್ಮಿಕದ ಗದ್ದಲ ಇಲ್ಲಿ ಶಿಸ್ತಿನ ತಾಯಿ. ಸುತ್ತಲಿನ ಎಲ್ಲರಿಂದ ಏಳಕ್ಕೆ, ಏಳರಿಂದ ಒಂದಕ್ಕೆ ಉತ್ತರ ಇಳಿದಿತ್ತು.

ತೋಟದ ನೆರಳಿನಲ್ಲಿ

ತೊಟ್ಟಿಯಲ್ಲಿ ಕರಿಮೀನಿನ ಪಕ್ಕ ಕರಿಮೀನೇ ಇರುತ್ತದೆ. ಕಾಡಿನಲ್ಲಿ, ತೋಟದಲ್ಲಿ ಹಾಗಲ್ಲ: ಪಕ್ಕದವರು ಹೆಚ್ಚು ಬಲ್ಲವರಿರಬಹುದು, ಬೇರೆ ಜಾತಿಯವರೂ ಇರಬಹುದು. ಗೂಡು ಬಿಟ್ಟೆದ್ದ ಜೇನುಹಿಂಡಿನಲ್ಲಿ ಹೊಸ ನೆಲೆ ಗೊತ್ತಿರುವುದು ಕೆಲವೇ ನೊಣಗಳಿಗೆ. ಅವು ಹಿಂಡಿನ ಮೇಲ್ಭಾಗದಲ್ಲಿ ವೇಗವಾಗಿ ಹಾರಿ ದಾರಿ ತೋರಿಸುತ್ತವೆಂದು ಯುರೋಪಿನ ಜೇನಿನ ಮೇಲಿನ ಅಧ್ಯಯನಗಳು ಕಂಡಿವೆ. ಗುಂಪು ದೊಡ್ಡದಾದಷ್ಟೂ ಬಲ್ಲವರ ಪ್ರಮಾಣ ಕಡಿಮೆ ಸಾಕೆಂದು ಇಯಾನ್ ಕೂಜಿನ್ ಮತ್ತು ಸಂಗಡಿಗರು 2005ರಲ್ಲಿ ಲೆಕ್ಕದಿಂದ ತೋರಿಸಿದ್ದಾರೆ. ಗುಂಪು ಜಾಗಕ್ಕೆ ತಕ್ಕಂತೆಯೂ ಬದಲಾಗುತ್ತದೆ: ಮನುಷ್ಯರ ಬೇಸಾಯವಿರುವ ಕಡೆ ಎಳೆಯ ಗಂಡಾನೆಗಳು ದೊಡ್ಡ ಗುಂಪು ಕಟ್ಟುವುದನ್ನು ನಿಶಾಂತ್ ಶ್ರೀನಿವಾಸಯ್ಯ, ರಾಮನ್ ಸುಕುಮಾರ್ ಮತ್ತಿತರರು 2019ರಲ್ಲಿ ದಾಖಲಿಸಿದರು. ಆನೆ ಕಾಲಿಡುವ ಕೊಡಗಿನ ತೋಟಗಳಿಗೆ ಇದು ದೂರದ ಸಂಗತಿಯಲ್ಲ.

ಇನ್ನು ಹಲವು ಜಾತಿಗಳು ಕೂಡಿ ಸಾಗುವ ಹಕ್ಕಿಸಂತೆ. ಉತ್ತರ ಕನ್ನಡದ ಅಣಶಿಯ ಕಾಡುಗಳಲ್ಲಿ ಹರಿ ಶ್ರೀಧರ್ ಇಂಥ ಸಂತೆಗಳನ್ನು ಅಧ್ಯಯನ ಮಾಡಿದರು. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸಿ ಅವುಗಳನ್ನು ಗುಂಪಿಗೆ ಸೆಳೆಯುತ್ತದೆಂದು ಶ್ರೀಲಂಕಾದ ಸಂಶೋಧನೆ 2006ರಲ್ಲಿ ತಿಳಿಸಿತು. ಈ ವಿಜ್ಞಾನದ ಮುಂದಿನ ಅಧ್ಯಾಯ ಇಲ್ಲಿದೆ: ಪಕ್ಕದವರು ನಮ್ಮವರೇ ಅಲ್ಲದಿದ್ದಾಗ ಯಾರನ್ನು ನಂಬಿ ನಡೆಯುವುದು?

ಅದನ್ನು ಅರಿಯಲು ಬೇಕಾದದ್ದು ಕ್ಯಾಮೆರಾ, ಲೆಕ್ಕ ಮಾತ್ರವಲ್ಲ, ಮರಗಳೂ ಬೇಕು. ಕಾಡುಮರಗಳ ನೆರಳು ಕಡಿದು ಇಡೀ ತೋಟಕ್ಕೆ ಸಿಲ್ವರ್ ಓಕ್ ಒಂದನ್ನೇ ನೆಟ್ಟರೆ ಹಕ್ಕಿಸಂತೆ ಬಡವಾಗುತ್ತದೆ, ಕೇಳಬೇಕಾದ ಪ್ರಶ್ನೆಯೂ ಅದರೊಂದಿಗೆ ಹೋಗುತ್ತದೆ. ನಾಪೋಕ್ಲಿನ ಸುತ್ತಿನ ಹಳೆಯ ನೆರಳಿನಲ್ಲಿ ಭೀಮರಾಜ ಕೂಗಿದಾಗ ಮರಕುಟಿಗ, ಪಿಕಳಾರಗಳು ಇನ್ನೂ ಅದರ ಹಿಂದೆ ಸಾಗಬೇಕು.