ಲೋಮೆಯ ನಾನಾ ಬೆಂಜ್‌ಗಳು
ಇವತ್ತು ಟೋಗೊ ದೇಶದ ಲೋಮೆ ಮಾರ್ಕೆಟ್ಟಿಗೆ ಹೋಗೋಣ. 1970ರ ದಶಕದಲ್ಲಿ ಅಲ್ಲಿನ ಹೆಂಗಸರು ನೆದರ್‌ಲ್ಯಾಂಡ್ಸ್‌ನ ವ್ಲಿಸ್ಕೊ ಕಂಪನಿಯ ವ್ಯಾಕ್ಸ್ ಪ್ರಿಂಟ್ ಬಟ್ಟೆಯನ್ನು ಸಗಟಾಗಿ ತರಿಸಿ, ಡಿಸೈನುಗಳಿಗೆ ತಾವೇ ಹೆಸರಿಟ್ಟು, ಪಶ್ಚಿಮ ಆಫ್ರಿಕಾದ ಸಣ್ಣ ವ್ಯಾಪಾರಿಗಳಿಗೆ ಮಾರ್ತಿದ್ರು. ಮರ್ಸಿಡಿಸ್ ಬೆಂಜ್ ಕಾರಲ್ಲಿ ಓಡಾಡ್ತಿದ್ದ ಇವರಿಗೆ ‘ನಾನಾ ಬೆಂಜ್’ ಅಂತಲೇ ಹೆಸರು ಬಿತ್ತು.

1994ರ ಜನವರಿ 12. ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದ ಸಿಎಫ್‌ಎ ಫ್ರಾಂಕ್ ರಾತ್ರೋರಾತ್ರಿ 100 ಆಯ್ತು. ಅಪಮೌಲ್ಯ ಆದ್ರೆ ರಫ್ತಿಗೆ ಲಾಭ ಅಂತ ಬಿಕಾಂ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡವನು ನಾನು. ಆಮದು ಮಾಡ್ಕೊಳ್ಳೋರ ಕಥೆ ಯಾರೂ ಕೇಳಿರಲಿಲ್ಲ. ಇಲ್ಲಿ ಅದೇ ಬಟ್ಟೆ ತರಿಸೋಕೆ ಎರಡು ಪಟ್ಟು ದುಡ್ಡು; ಕೊಳ್ಳೋರ ಕೈಲಿ ಅಷ್ಟಿಲ್ಲ. ಆಮೇಲೆ ಚೀನಾದ ಅಗ್ಗದ ನಕಲು ಬಂತು. ಅದನ್ನು ತರಿಸೋಕೆ ಚೀನಾಕ್ಕೇ ಹೋದ ಹೊಸ ತಲೆಮಾರಿನ ಹೆಂಗಸರನ್ನ ಲೋಮೆಯ ಜನ ‘ನಾನೆಟ್’ ಅಂದ್ರು, ಅಂದ್ರೆ ಚಿಕ್ಕ ನಾನಾ.