ದೊಡ್ಡಮ್ಮನ ಗೇರೆಣ್ಣೆ

ಕಳೆದ ವರ್ಷ ಪತ್ತನಾಜೆಗೆ ಇನ್ನೂ ಎರಡು ವಾರ ಇರುವಾಗ ನನ್ನ ತಮ್ಮ ಮನೆಗೆ ಬಂದಿದ್ದ. ಜಗಲಿಯ ಉದ್ದಕ್ಕೂ ನಿಂತಿರುವ ಮರದ ಪಟ್ಟಿಗಳ ಸಾಲನ್ನು ನಮ್ಮ ಕಡೆ ದಳಿ ಎನ್ನುತ್ತೇವೆ. ಅವನು ಆ ದಳಿಯನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದ.

"ಅಕ್ಕಾ, ಇದನ್ನು ತೆಗೆಸಿ ಸ್ಟೀಲಿನದ್ದು ಹಾಕಿಸುವ. ಗೇಟೂ ಹಾಗೆಯೇ. ವರ್ಷ ವರ್ಷ ಬಣ್ಣ ಬಳಿಯುವ ರಗಳೆ ಇಲ್ಲ" ಎಂದ.

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದಳಿಯ ಬಣ್ಣ ಹಾರಿ ಮರ ಬೂದಿಯಂತೆ ಕಾಣುತ್ತಿತ್ತು. ಗೇಟಿನ ಕಂಬದ ಬುಡದಲ್ಲಿ ಒರಲೆ ಮಣ್ಣಿನ ದಾರಿ ಕಟ್ಟಲು ಶುರುಮಾಡಿತ್ತು. ಆದರೆ ಆ ದಳಿ ನನ್ನ ದೊಡ್ಡಮ್ಮ ಸಂಬಳದಿಂದ ಮಾಡಿಸಿದ್ದು. ಅದನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. "ಒಂದು ಮಳೆಗಾಲ ಬಿಡು, ನೋಡುವ" ಎಂದೆ.

ಮರುದಿನ ಹಂಪನಕಟ್ಟೆಯ ಒಂದು ಬಣ್ಣದ ಅಂಗಡಿಗೆ ಹೋದೆ. ಹುಡುಗ ಒಂದು ದೊಡ್ಡ ಕಾರ್ಡು ತೆರೆದು ತೋರಿಸಿದ. ತೇಗದ ಬಣ್ಣ, ಬೀಟೆಯ ಬಣ್ಣ, ವಾಲ್‌ನಟ್ ಬಣ್ಣ. "ಯಾವುದು ಬೇಕು ಟೀಚರ್?" ಎಂದ. "ಮಂಗಳೂರಿನ ಮಳೆಗೆ ನಿಲ್ಲುವುದು ಯಾವುದು?" ಎಂದು ಕೇಳಿದೆ. ಅವನು ನಕ್ಕ. ಆ ಪ್ರಶ್ನೆಗೆ ಕಾರ್ಡಿನಲ್ಲಿ ಉತ್ತರ ಇರಲಿಲ್ಲ.

ಯೋಚಿಸಿದರೆ ಇದು ನಮ್ಮ ಊರಿನ ಬಹಳ ಹಳೆಯ ಪ್ರಶ್ನೆ. ವರ್ಷಕ್ಕೆ 3500 ಮಿಲ್ಲಿಮೀಟರಿನ ಆಚೀಚೆ ಮಳೆ ಬೀಳುವ ಜಾಗ ಇದು. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ಮತ್ತೆ ಎಂಟು ತಿಂಗಳು ಕಡಲಿನ ಉಪ್ಪುಗಾಳಿ, ಸುಡುವ ಬಿಸಿಲು. ಇಂಥಲ್ಲಿ ಹೊರಗಿಟ್ಟ ಮರ ಬಾಳಬೇಕಾದರೆ ಯಾರಾದರೂ ಅದರ ಚಿಂತೆ ಮಾಡಲೇಬೇಕು.

ಹಿಂದಿನವರು ಮೊದಲು ಬಣ್ಣದ ಚಿಂತೆ ಮಾಡಲಿಲ್ಲ, ಮರದ ಚಿಂತೆ ಮಾಡಿದರು. ಕಂಬಕ್ಕೆ ಕಿರಾಲುಬೋಗಿ, ಬಾಗಿಲಿಗೆ ಹಲಸು ಎಂದು ಆರಿಸುತ್ತಿದ್ದರು. ಕಡಿದ ಮರವನ್ನು ಕೆರೆಯ ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು, ಆಮೇಲೆ ನೆರಳಿನಲ್ಲಿ ಒಣಗಿಸುತ್ತಿದ್ದರು. ಮಾಡನ್ನು ತುಂಬಾ ಕೆಳಗೆ ಇಳಿಸಿ ಕಟ್ಟುತ್ತಿದ್ದರು. ಮೂಡುಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಮರದ ಕಂಬಗಳು ಇಂದಿಗೂ ಉಳಿದಿರುವುದಕ್ಕೆ ಮರದ ಗುಣ ಎಷ್ಟು ಕಾರಣವೋ, ಮಳೆಗೆ ಅಡ್ಡ ನಿಂತ ಮಾಡೂ ಅಷ್ಟೇ ಕಾರಣ. ಮಳೆಗಾಲದ ಮುಂಚೆ ಜಗಲಿಗೆ ಮಡಲಿನ ತಟ್ಟಿ ಕಟ್ಟುವುದನ್ನು ನಾನೇ ನೋಡಿದ್ದೇನೆ. ನೀವೂ ಕರಾವಳಿಯವರಾದರೆ ನೋಡಿರುತ್ತೀರಿ.

ಕಡಲಿಗೆ ಹೋಗುವ ದೋಣಿಗೆ ಮಾಡೂ ಇಲ್ಲ, ತಟ್ಟಿಯೂ ಇಲ್ಲ. ಅದಕ್ಕೆ ಬೂತಾಯಿ ಮೀನಿನ ಎಣ್ಣೆ ಬಳಿಯುತ್ತಿದ್ದರು. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಆದರೆ ಎಣ್ಣೆ ಕುಡಿದ ಮರ ನೀರು ಕುಡಿಯುವುದಿಲ್ಲ ಎಂಬ ಪಾಠವನ್ನು ನಮ್ಮ ಊರು ಬಹುಶಃ ದೋಣಿಯಿಂದಲೇ ಕಲಿತಿರಬೇಕು.

1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರು ನೇತ್ರಾವತಿಯ ಬದಿಯ ಜೆಪ್ಪಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಹಂಚು ಕೂರಬೇಕಾದರೆ ಅಳತೆಗೆ ಸರಿಯಾಗಿ ಕೊಯ್ದ ಪಕ್ಕಾಸು, ರೀಪು ಬೇಕು. 1907ರಲ್ಲಿ ರೈಲು ಮಂಗಳೂರಿಗೆ ಬಂತು. ಅದರ ಜೊತೆ ಹಳಿಯ ಕೆಳಗಿನ ಮರದ ಸ್ಲೀಪರುಗಳೂ ಬಂದವು. ಕಲ್ಲಿದ್ದಲಿನ ಡಾಮರಿನಿಂದ ತೆಗೆದ ಕ್ರಿಯೋಸೋಟ್ ಎಂಬ ಕಪ್ಪು ಎಣ್ಣೆಯನ್ನು ಒತ್ತಡ ಹಾಕಿ ಸ್ಲೀಪರಿನೊಳಗೆ ನುಗ್ಗಿಸುವ ಕ್ರಮವನ್ನು ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲೇ ಕಂಡುಕೊಂಡಿದ್ದ. ಆದರೆ ನಮ್ಮ ಸಣ್ಣ ಮನೆಗಳ ರೀಪಿಗೂ ಬೇಲಿಗೂ ಒದಗಿದ ಎಣ್ಣೆ ಇಂಗ್ಲೆಂಡಿನದ್ದಲ್ಲ. ಅದು ಹತ್ತಿರದ ಬೀಜದ ಕಾರ್ಖಾನೆಯಿಂದ ಬಂದ ಗೇರೆಣ್ಣೆ.

ಗೇರುಮರವನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ನಮ್ಮ ಕರಾವಳಿಗೆ ತಂದರು. ಗೇರು ಎಂಬ ಹೆಸರು ಮೊದಲೇ ನಮ್ಮ ಕಾಡಿನ ಇನ್ನೊಂದು ಮರಕ್ಕಿತ್ತು. ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಅದರ ಕಾಯಿಯ ರಸದಿಂದಲೇ. ಹೊಸದಾಗಿ ಬಂದ ಮರದ ಸಿಪ್ಪೆಯಲ್ಲೂ ಹಾಗೇ ಚರ್ಮ ಸುಡುವ, ತೊಳೆದರೂ ಹೋಗದ ಎಣ್ಣೆ ಇದ್ದದ್ದರಿಂದ ಅದೇ ಹೆಸರು ಅಂಟಿಕೊಂಡಿತೆಂದು ನನಗೆ ತೋರುತ್ತದೆ. ಎರಡೂ ಮಾವಿನ ಕುಟುಂಬಕ್ಕೆ ಸೇರಿದವು. ಜಪಾನಿನವರು ಮರದ ಬಟ್ಟಲುಗಳಿಗೆ ಹಚ್ಚುವ ಹೆಸರುವಾಸಿ ಅರಗು ಇದೆಯಲ್ಲ, ಉರುಶಿ, ಅದರ ಮರವೂ ಇದೇ ಕುಟುಂಬದ್ದು. ಅದರ ಹಸಿ ರಸವೂ ಕೈ ಸುಡುತ್ತದೆ. ಒಣಗಿದ ಮೇಲೆ ಮಾತ್ರ ಕನ್ನಡಿಯಂತೆ ಹೊಳೆಯುತ್ತದೆ, ನೀರಿಗೆ ಜಗ್ಗುವುದಿಲ್ಲ. ಒಂದೇ ಕುಟುಂಬದ ರಸ ಅಲ್ಲಿ ಅರಮನೆಯ ಅಲಂಕಾರವಾಯಿತು, ಇಲ್ಲಿ ಬೇಲಿಯ ಗೂಟಕ್ಕೆ ಬಂತು.

1920ರ ದಶಕದಿಂದ ಮಂಗಳೂರಿನಲ್ಲಿ ಗೇರುಬೀಜದ ಕಾರ್ಖಾನೆಗಳು ಬೆಳೆದವು. ಬೀಜದ ಗಟ್ಟಿ ಸಿಪ್ಪೆಯೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕೋಶಗಳಿವೆ. ಎಣ್ಣೆ ಇರುವುದು ಅವುಗಳಲ್ಲಿ. ಹಸಿ ಎಣ್ಣೆಯಲ್ಲಿ ಹೆಚ್ಚಿರುವುದು ಅನಾಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಕಾರ್ಡನಾಲ್ ಆಗುತ್ತದೆ. ವಾಹನಗಳ ಬ್ರೇಕಿನ ಪಟ್ಟಿಗೆ, ಬಣ್ಣ ವಾರ್ನಿಷಿಗೆ ಇದು ಬೇಕು ಎಂದು ತಿಳಿದ ಮೇಲೆ ಈ ಎಣ್ಣೆ ಪೀಪಾಯಿಗಳಲ್ಲಿ ಹಡಗು ಹತ್ತಿತು. ಉಳಿದದ್ದು ತಗಡಿನ ಡಬ್ಬಗಳಲ್ಲಿ ನಮ್ಮ ಮನೆಗಳಿಗೆ ಬಂತು. ಅದಕ್ಕೆ ಸೀಮೆಎಣ್ಣೆ ಬೆರೆಸಿ ತೆಳ್ಳಗೆ ಮಾಡಿ ಪಕ್ಕಾಸಿಗೆ, ರೀಪಿಗೆ, ಗೂಟಕ್ಕೆ ಬಳಿದರೆ ಒರಲೆಯೂ ಕುಟ್ಟೆಹುಳವೂ ಹತ್ತಿರ ಬರಲು ಹಿಂಜರಿಯುತ್ತವೆ. ಮರಕ್ಕೆ ಕಪ್ಪು ಕೆಂಪಿನ ಒಂದು ಬಣ್ಣವೂ ಬರುತ್ತದೆ.

ನನ್ನ ದೊಡ್ಡಮ್ಮ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಂಗಿಯ ಮನೆಗೆ ಬಂದವರು. ಸುಮಾರು ನಲವತ್ತು ವರ್ಷ ಬೀಜದ ಕಾರ್ಖಾನೆಯಲ್ಲಿ ದುಡಿದರು. ಸಿಪ್ಪೆ ಒಡೆದು ತಿರುಳನ್ನು ಇಡಿಯಾಗಿ ತೆಗೆಯುವ ಕೆಲಸ. ಕೂಲಿ ತೂಕದ ಲೆಕ್ಕದಲ್ಲಿ. ತಿರುಳು ತುಂಡಾದರೆ ಬೈಗುಳ. ಕೈಗೆ ಬೂದಿ ಹಚ್ಚಿಕೊಳ್ಳುತ್ತಿದ್ದರು, ಹರಳೆಣ್ಣೆ ಸಿಕ್ಕಿದ ದಿನ ಹರಳೆಣ್ಣೆ. ಏನು ಹಚ್ಚಿದರೂ ಬೆರಳ ತುದಿಗಳು ಕಪ್ಪಾಗಿ, ಸುಲಿದು, ಮತ್ತೆ ಚರ್ಮ ಬಂದು, ಮತ್ತೆ ಸುಲಿಯುತ್ತಿದ್ದವು. ಸಾರಿಗೆ ಹುಳಿ ಕಿವುಚುವಾಗ ಅವರು ಒಂದು ಕ್ಷಣ ಉಸಿರು ಹಿಡಿಯುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹೇಳಲು ನಾಚಿಕೆಯಾಗುವ ಒಂದು ಸಂಗತಿ ಉಂಟು. ನಾನು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ನನಗೆ ಪ್ರಬಂಧದ ಬಹುಮಾನ ಬಂದಿತ್ತು. ಅಮ್ಮನಿಗೆ ಜ್ವರ. "ನಾನು ಬರುತ್ತೇನೆ ಮಗಾ" ಎಂದು ದೊಡ್ಡಮ್ಮ ಅರ್ಧ ದಿನದ ಕೂಲಿ ಬಿಟ್ಟು ಹೊರಟರು. ದಾರಿಯಲ್ಲಿ ನಾನು, "ದೊಡ್ಡಮ್ಮ, ಕೈ ಸೆರಗಿನ ಒಳಗೆ ಇಟ್ಟುಕೊಳ್ಳಿ" ಎಂದೆ. ಅವರು ಏನೂ ಹೇಳಲಿಲ್ಲ. ಇಡೀ ಕಾರ್ಯಕ್ರಮ ಮುಗಿಯುವ ತನಕ ಕೈ ಹೊರಗೆ ತೆಗೆಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುವಾಗಲೂ ತೆಗೆಯಲಿಲ್ಲ.

ಆ ಕೈಗಳೇ ಪ್ರತಿ ವರ್ಷ ಪತ್ತನಾಜೆಯ ಮುಂಚೆ ದಳಿಗೆ ಗೇರೆಣ್ಣೆ ಬಳಿಯುತ್ತಿದ್ದವು. ತೆಂಗಿನ ನಾರಿನ ಒಂದು ಕಟ್ಟು ಮಾಡಿಕೊಂಡು, ಎಣ್ಣೆಯಲ್ಲಿ ಅದ್ದಿ, ಪಟ್ಟಿಯ ನಾಲ್ಕೂ ಬದಿಗೆ ಉಜ್ಜುತ್ತಿದ್ದರು. ಮರವನ್ನು ಕಡಿದ ತುದಿಗೆ ಎರಡು ಸಲ. "ತುದಿಯೇ ಮರದ ಬಾಯಿ, ನೀರು ಕುಡಿಯುವುದು ಅಲ್ಲಿಂದ" ಎನ್ನುತ್ತಿದ್ದರು. ಬಳಿಯುವ ಮೊದಲು ಮರಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ ನೋಡುತ್ತಿದ್ದರು. ಹನಿ ಮಣಿಯಂತೆ ನಿಂತರೆ ಹಳೆಯ ಎಣ್ಣೆ ಇನ್ನೂ ಉಂಟು ಎಂದು ಅರ್ಥ. ಹೀರಿಕೊಂಡರೆ ಮರಕ್ಕೆ ಬಾಯಾರಿದೆ ಎಂದು ಅರ್ಥ. ಇಂದು ಡಬ್ಬದ ಬಣ್ಣ ಹಚ್ಚುವವರಿಗೆ ಹೇಳಿಕೊಡುವುದೂ ಇದೇ ಹನಿಯ ಪರೀಕ್ಷೆಯನ್ನು.

ದೊಡ್ಡ ಪ್ರಯೋಗಾಲಯಗಳೂ ಇದೇ ದಾರಿಯಲ್ಲಿ ನಡೆದಿವೆ. ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಈ ಮೂರನ್ನೂ ಸೇರಿಸಿದ ಒಂದು ಔಷಧಿ ಕಂಡುಹಿಡಿದರು. ತಾಮ್ರ ಬೂಷ್ಟನ್ನು ತಡೆಯುತ್ತದೆ, ಆರ್ಸೆನಿಕ್ ಹುಳವನ್ನು ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರದೊಳಗೆ ಕಚ್ಚಿಸಿ ಹಿಡಿಯುತ್ತದೆ. ನಮ್ಮ ದೇಶದವರೊಬ್ಬರು ಕಂಡುಹಿಡಿದ ಈ ಔಷಧಿ ಲೋಕವೆಲ್ಲ ಹರಡಿತು. ಅಮೆರಿಕದ ಮನೆಗಳ ಹಿತ್ತಲಿನ ಕಟ್ಟೆ, ಬೇಲಿ, ಮಕ್ಕಳ ಉಯ್ಯಾಲೆಯ ಕಂಬ ಎಲ್ಲವೂ ಅದರಲ್ಲೇ ಅದ್ದಿದ ಮರದಿಂದಾದವು. ಮಕ್ಕಳು ಮುಟ್ಟುವ ಮರದಲ್ಲಿ ಆರ್ಸೆನಿಕ್ ಇರಬಾರದೆಂಬ ಆತಂಕ ಬೆಳೆದು, ಅಲ್ಲಿ 2003ರ ಕೊನೆಯ ಹೊತ್ತಿಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ನಿಲ್ಲಿಸಿದರು. ಎಪ್ಪತ್ತು ವರ್ಷ ಮರ ಉಳಿಯುತ್ತದೆಯೇ ಎಂದು ಕೇಳಿದವರು ಕೊನೆಗೆ ಮುಟ್ಟಿದ ಕೈ ಏನಾಗುತ್ತದೆ ಎಂದು ಕೇಳಿದರು.

ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಶುರುವಾದ ಅರಣ್ಯ ಪ್ರಯೋಗಾಲಯ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಅಲ್ಲಿಯ ವಿಜ್ಞಾನಿಗಳು ಗೇರೆಣ್ಣೆಗೆ ತಾಮ್ರ ಸೇರಿಸಿ ಮರಕ್ಕೆ ಉಣಿಸುವ ಪ್ರಯೋಗಗಳನ್ನೂ ಮಾಡಿದ್ದಾರೆ. ಇಂಥ ಪರೀಕ್ಷೆಗೆ ಒಂದು ವಿಚಿತ್ರ ಹೆಸರುಂಟು, ಸ್ಮಶಾನ ಪರೀಕ್ಷೆ. ಬೇರೆ ಬೇರೆ ಔಷಧಿ ಕುಡಿದ ಗೂಟಗಳನ್ನು ಬಯಲಿನಲ್ಲಿ ಸಾಲಾಗಿ ಅರ್ಧ ಹೂಳುತ್ತಾರೆ. ಔಷಧಿ ಕುಡಿಯದ ಗೂಟವನ್ನೂ ಜೊತೆಗೆ ಹೂಳುತ್ತಾರೆ. ಆಗಾಗ ಕಿತ್ತು ನೋಡಿ ಅಂಕ ಕೊಟ್ಟು ಮತ್ತೆ ಹೂಳುತ್ತಾರೆ. ವರ್ಷಗಟ್ಟಲೆ ಕಾಯುತ್ತಾರೆ. ಟೀಚರಾದ ನನಗೆ ಈ ಪರೀಕ್ಷೆ ಬಹಳ ಹಿಡಿಸಿತು. ಇಲ್ಲಿ ಮಾಪು ಹಾಕುವುದು ಮಳೆ ಮತ್ತು ಒರಲೆ, ಯಾರ ವಶೀಲಿಯೂ ನಡೆಯುವುದಿಲ್ಲ.

ನಾನೂ ಒಂದು ಸಣ್ಣ ಪರೀಕ್ಷೆ ಇಟ್ಟೆ. ಹಳೆಯ ರೀಪೊಂದನ್ನು ಆಚಾರಿಯಿಂದ ನಾಲ್ಕು ಸಮ ತುಂಡು ಮಾಡಿಸಿ, ಉಪ್ಪುಕಾಗದದಿಂದ ಉಜ್ಜಿಸಿದೆ. ಒಂದನ್ನು ಹಾಗೆಯೇ ಬಿಟ್ಟೆ. ಎರಡನೆಯದಕ್ಕೆ ಬಣ್ಣವಿಲ್ಲದ ವಾರ್ನಿಷು. ಮೂರನೆಯದಕ್ಕೆ ಅಂಗಡಿಯ ಹುಡುಗ ಕೊಟ್ಟ, ಮರ ಹೀರಿಕೊಳ್ಳುವ ಕಂದು ಬಣ್ಣ. ನಾಲ್ಕನೆಯದಕ್ಕೆ ಗೇರೆಣ್ಣೆ. ಈ ಸಲ ರಬ್ಬರಿನ ಕೈಚೀಲ ಹಾಕಿಕೊಂಡೆ. ನಾಲ್ಕನ್ನೂ ಪಡುವಣ ಗಾಳಿಗೆ ಮುಖ ಮಾಡಿ ಕಂಪೌಂಡಿಗೆ ಒರಗಿಸಿ ಕಟ್ಟಿದೆ. "ಎಂತ ಟೀಚರೇ, ಮರಕ್ಕೂ ಪರೀಕ್ಷೆಯಾ?" ಎಂದು ನೆರೆಮನೆಯವರು ನಕ್ಕರು.

ಆಟಿ ತಿಂಗಳು ಮುಗಿಯುವ ಹೊತ್ತಿಗೆ ಫಲಿತಾಂಶ ಗೊತ್ತಾಗತೊಡಗಿತು. ಬರಿಯ ಮರಕ್ಕೆ ಪಾಚಿ ಹತ್ತಿತ್ತು. ಮೊದಲ ದಿನ ಎಲ್ಲಕ್ಕಿಂತ ಚಂದ ಕಂಡ ವಾರ್ನಿಷು ಬಿರುಕು ಬಿಟ್ಟು, ಅದರ ಅಡಿಯಲ್ಲಿ ನೀರು ಸೇರಿ, ಬಿಳಿಚಿಕೊಂಡು ಸಿಪ್ಪೆಯಂತೆ ಏಳುತ್ತಿತ್ತು. ಬಿಸಿಲು ಮರದ ನಾರುಗಳ ಅಂಟನ್ನೇ ಕರಗಿಸುತ್ತದೆ. ಬಣ್ಣದ ಪುಡಿ ಇದ್ದರೆ ಬಿಸಿಲನ್ನು ತಡೆಯುತ್ತದೆ, ಬರಿಯ ಹೊಳಪು ಅಷ್ಟು ತಡೆಯುವುದಿಲ್ಲ. ಕಂದು ಬಣ್ಣದ ತುಂಡು ಸ್ವಲ್ಪ ಮಾಸಿದ್ದರೂ ಎಲ್ಲಿಯೂ ಎದ್ದಿರಲಿಲ್ಲ, ನೀರಿನ ಹನಿ ಇನ್ನೂ ನಿಲ್ಲುತ್ತಿತ್ತು. ಗೇರೆಣ್ಣೆಯದ್ದು ಕಪ್ಪಾಗಿ, ಸ್ವಲ್ಪ ಒರಟಾಗಿ, ಗಟ್ಟಿಯಾಗಿ ನಿಂತಿತ್ತು. ಒಂದು ಮಳೆಗಾಲದಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು, ಆದರೆ ನನ್ನ ದಳಿಗೆ ಅಷ್ಟು ಸಾಕಾಯಿತು.

ಇದರ ನಡುವೆ ದೊಡ್ಡಮ್ಮನ ಕೊನೆಯ ವರ್ಷಗಳು ನೆನಪಾಗುತ್ತಿದ್ದವು. ಆಧಾರ್ ಕಾರ್ಡು ಮಾಡಿಸುವ ಕಾಲದಲ್ಲಿ ಅವರನ್ನು ಕರೆದುಕೊಂಡು ಹೋಗಿದ್ದೆ. ಬೆರಳಚ್ಚಿನ ಯಂತ್ರದ ಮೇಲೆ ಒಂದೊಂದೇ ಬೆರಳಿಟ್ಟರು. ಯಂತ್ರ ಹಿಡಿಯಲಿಲ್ಲ. "ಒರೆಸಿ ಇಡಿ ಅಜ್ಜಿ" ಎಂದ ಹುಡುಗ. ಸೆರಗಿನಲ್ಲಿ ಒರೆಸಿ ಇಟ್ಟರು. ಮತ್ತೂ ಹಿಡಿಯಲಿಲ್ಲ. ಗೆರೆಗಳೆಲ್ಲ ಸವೆದು ಹೋಗಿದ್ದವು. "ನನ್ನ ಕೈಯಲ್ಲಿ ಏನೂ ಬರೆದಿಲ್ಲ ಮಗಾ" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಕೊನೆಗೆ ಕಣ್ಣಿನ ಗುರುತಿನಿಂದ ಕೆಲಸ ಆಯಿತು. ಆ ದಿನ ಅವರ ಕೈ ಹಿಡಿದುಕೊಂಡೇ ಬಸ್‌ಸ್ಟಾಂಡಿನ ತನಕ ನಡೆದೆ. ವಾರ್ಷಿಕೋತ್ಸವದ ದಿನದ ಮಾತನ್ನು ಎತ್ತಬೇಕೆಂದಿದ್ದೆ, ಆಗಲಿಲ್ಲ. ಅವರು ತೀರಿಹೋಗಿ ಈಗ ಕೆಲವು ವರ್ಷಗಳಾದವು.

ಮಳೆ ಬಿಟ್ಟು ಮರ ಚೆನ್ನಾಗಿ ಒಣಗಿದ ಮೇಲೆ ಕೆಲಸ ಮಾಡಿಸಿದೆ. ಗೇಟಿನ ಕಂಬದ ಕೆಟ್ಟ ಬುಡವನ್ನು ಆಚಾರಿ ಕೊಯ್ದು ಹೊಸ ಮರ ಕೂಡಿಸಿದ. ಮಣ್ಣಿನೊಳಗೆ ಹೋಗುವ ಆ ಭಾಗಕ್ಕೆ ಗೇರೆಣ್ಣೆಯನ್ನೇ ಹಚ್ಚಿಸಿದೆ, ಬಳಿಯುವವನ ಕೈಗೆ ಮೊದಲು ಕೈಚೀಲ ಹಾಕಿಸಿ. ಮಕ್ಕಳು ಹಿಡಿದು ನಿಲ್ಲುವ ದಳಿಗೆ ಅಂಗಡಿಯ ಕಂದು ಬಣ್ಣ. ತಮ್ಮ ದೀಪಾವಳಿಗೆ ಬಂದಾಗ ಮತ್ತೆ ಅಲ್ಲಾಡಿಸಿ ನೋಡಿದ. "ಗಟ್ಟಿ ಉಂಟು" ಎಂದ, ಸ್ಟೀಲಿನ ಸುದ್ದಿ ಎತ್ತಲಿಲ್ಲ.

ದೊಡ್ಡಮ್ಮ ಇದ್ದಿದ್ದರೂ ಇದನ್ನು ಒಪ್ಪುತ್ತಿದ್ದರು ಅಂತ ನನಗೆ ಅನಿಸುತ್ತದೆ. ಏಕೆಂದರೆ ದಳಿಗೆ ಎಣ್ಣೆ ಬಳಿದ ದಿನ ಅವರು ಜಗಲಿಗೆ ಅಡ್ಡವಾಗಿ ಒಂದು ಹಗ್ಗ ಕಟ್ಟುತ್ತಿದ್ದರು. ಎಣ್ಣೆ ಪೂರ್ತಿ ಒಣಗುವ ತನಕ ಆ ಹಗ್ಗ ಬಿಚ್ಚುತ್ತಿರಲಿಲ್ಲ. ನಾವು ಮಕ್ಕಳು ಓಡಿ ಬಂದರೆ, "ಮುಟ್ಟಬೇಡಿ ಮಕ್ಕಳೇ, ಕೈ ಹಾಳಾಗುತ್ತದೆ" ಎಂದು ದೂರದಿಂದಲೇ ಕೂಗುತ್ತಿದ್ದರು.