ಎಡ್ಯುರೋಮ್

ವಿಶ್ವವಿದ್ಯಾಲಯ ಹಾಗೂ ಸಂಶೋಧನಾ ಸಂಸ್ಥೆಗಳ ಸದಸ್ಯರು ತಮ್ಮ ಸಂಸ್ಥೆಯ ಪಾಸ್‌ವರ್ಡ್‌ನಿಂದಲೇ ಇತರ ಸದಸ್ಯ ಸಂಸ್ಥೆಗಳ ಆವರಣದಲ್ಲೂ ವೈಫೈ ಬಳಸಲು ನೆರವಾಗುವ ಅಂತರರಾಷ್ಟ್ರೀಯ ಸೇವೆ. 2002ರಲ್ಲಿ ನೆದರ್‌ಲೆಂಡ್ಸ್‌ನ ಸರ್ಫ್‌ನೆಟ್ ಸಂಸ್ಥೆಯ ಕ್ಲಾಸ್ ವೀರೆಂಗಾ ಮುಂದಿಟ್ಟ ಸಲಹೆಯಿಂದ ಯುರೋಪಿನಲ್ಲಿ ರೂಪುಗೊಂಡಿತು. ಭಾರತದಲ್ಲಿ ಅರ್ನೆಟ್ ಇಂಡಿಯಾ ನಿರ್ವಹಿಸುತ್ತದೆ.

ಇದರ ತಳಹದಿ, ಬಳಕೆದಾರನ ಗುರುತು ಪರಿಶೀಲಿಸಿ ಜಾಲಕ್ಕೆ ಪ್ರವೇಶ ನೀಡುವ 802.1ಎಕ್ಸ್ ಮಾನಕ. ಆತಿಥೇಯ ಸಂಸ್ಥೆಯು ಬಳಕೆದಾರನ ಕೋರಿಕೆಯನ್ನು ಗುರುತು ಪರಿಶೀಲಿಸುವ ರೇಡಿಯಸ್ ಸರ್ವರ್‌ಗಳ ಶ್ರೇಣಿಯ ಮೂಲಕ ಅವನ ಮೂಲ ಸಂಸ್ಥೆಗೆ ರವಾನಿಸುತ್ತದೆ; ಪರಿಶೀಲನೆ ಅಲ್ಲಿಯೇ ನಡೆಯುವುದರಿಂದ ಪಾಸ್‌ವರ್ಡ್ ಆತಿಥೇಯರಿಗೆ ತಿಳಿಯದು. ಆದರೆ ಸರ್ವರಿನ ಪ್ರಮಾಣಪತ್ರವನ್ನು ಪರೀಕ್ಷಿಸದಂತೆ ಹೊಂದಿಸಿದ ಫೋನು ಅದೇ ಹೆಸರಿನ ನಕಲಿ ಜಾಲಕ್ಕೆ ಪಾಸ್‌ವರ್ಡ್‌ನ ಗುಟ್ಟು ಬಿಟ್ಟುಕೊಡಬಹುದು. ಸೇವೆಯ ನಿಜವಾದ ದುರ್ಬಲ ಕೊಂಡಿ ಇದು. ಮನೆಬಳಕೆಗೆಂದು ತಯಾರಾದ ಗೇಮ್ ಕನ್ಸೋಲ್, ಸ್ಮಾರ್ಟ್ ಸ್ಪೀಕರ್ ಮೊದಲಾದ ಅನೇಕ ಸಾಧನಗಳಲ್ಲಿ 802.1ಎಕ್ಸ್ ಮಾನಕದ ಸೌಲಭ್ಯವಿಲ್ಲದ್ದರಿಂದ ಅವು ಎಡ್ಯುರೋಮ್‌ಗೆ ಸೇರಲಾರವು. ಅವುಗಳ ಮ್ಯಾಕ್ ವಿಳಾಸ (ಸಾಧನದ ಜಾಲ ಗುರುತುಸಂಖ್ಯೆ) ನೋಂದಾಯಿಸಿಕೊಂಡು ಪ್ರತ್ಯೇಕ ಜಾಲ ಒದಗಿಸುವ ಕ್ರಮ ಹಾಸ್ಟೆಲುಗಳುಳ್ಳ ಹಲವು ಕ್ಯಾಂಪಸ್‌ಗಳಲ್ಲಿದೆ.